ಚಲನ್ ಕಾಗದದ ಬೆನ್ನ ಮೇಲೆ

2019ರ ಮಳೆಗಾಲದ ಒಂದು ದಿನ. ನನ್ನ ಮಗಳಿಗೆ ಸಿ.ಇ.ಟಿ. ಮೂಲಕ ಕೃಷಿ ಪದವಿಗೆ ಸೀಟು ದೊರೆತಿತ್ತು. ಶುಲ್ಕ ಕಟ್ಟಲು ಅದೇ ಕಡೆಯ ದಿನ. ಹಣ ಸಿದ್ಧವಾಗಿತ್ತು, ಚಲನ್ ನನ್ನ ಅಂಗಿಯ ಜೇಬಿನಲ್ಲಿತ್ತು. ಬೆಳಿಗ್ಗೆ ಹನ್ನೊಂದಕ್ಕೆ ಮನೆ ಬಿಟ್ಟೆ. ಬ್ಯಾಂಕಿಗೆ ಸ್ಕೂಟರಿನಲ್ಲಿ ಇಪ್ಪತ್ತು ನಿಮಿಷದ ದಾರಿ.

ದಾರಿಯಲ್ಲಿ ರಸ್ತೆ ಅಗಲಗೊಳಿಸುವ ಕೆಲಸ ನಡೆದಿತ್ತು. ಅಗೆದ ಮಣ್ಣಿನ ರಾಶಿಯ ಪಕ್ಕದಲ್ಲಿ ಒಂದು ವೀರಗಲ್ಲು ಅಂಗಾತ ಬಿದ್ದಿತ್ತು. ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುವವನು; ಸ್ಕೂಟರ್ ತಾನಾಗಿಯೇ ನಿಂತಿತು. ಎರಡೇ ನಿಮಿಷ ಎಂದುಕೊಂಡೆ. ಮೂರು ಹಂತದ ಕಲ್ಲು ಅದು: ಕೆಳಗೆ ತುರುಗಳ ನಡುವೆ ಕಾಳಗ, ನಡುವೆ ಸತ್ತ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಅವನು ಸೇರಿದ ಲೋಕ. ಹಂತಗಳ ನಡುವಿನ ಪಟ್ಟಿಕೆಯಲ್ಲಿ ಸವೆದ ಅಕ್ಷರಗಳಿದ್ದವು. ಪಕ್ಕದ ಹೋಟೆಲಿನಿಂದ ನೀರು ತರಿಸಿ ತೊಳೆದೆ. ಬರೆದುಕೊಳ್ಳಲು ಕಾಗದ ಬೇಕಾಯಿತು. ಜೇಬಿಗೆ ಕೈಹಾಕಿ, ಸಿಕ್ಕಿದ ಕಾಗದದ ಬೆನ್ನ ಮೇಲೆ ಒಂದೊಂದೇ ಅಕ್ಷರವನ್ನು ನಕಲು ಮಾಡಿಕೊಂಡೆ. ಅಷ್ಟು ಸಂತೋಷದಿಂದ, ಅಷ್ಟು ಏಕಾಗ್ರತೆಯಿಂದ ನಾನು ಬೇರೆ ಯಾವ ಕೆಲಸವನ್ನೂ ಆ ವರ್ಷ ಮಾಡಿರಲಿಲ್ಲ. ಕಾಗದವನ್ನು ಮಡಿಸುವಾಗ ಅದರ ಇನ್ನೊಂದು ಮಗ್ಗುಲು ಕಣ್ಣಿಗೆ ಬಿತ್ತು. ಅದು ಚಲನ್. ಆಗ ಗಂಟೆ ನಾಲ್ಕಾಗಿತ್ತು. ಬ್ಯಾಂಕಿನಲ್ಲಿ ಹಣ ಕಟ್ಟಿಸಿಕೊಳ್ಳುವ ಕಿಟಕಿ ಮುಚ್ಚಿತ್ತು.

ಸೀಟು ಹೋಯಿತು. ಮಗಳು ಊರಿನ ಕಾಲೇಜಿನಲ್ಲಿ ಬಿ.ಎಸ್ಸಿ. ಸೇರಿದಳು. ನಲವತ್ತು ದಿನ ನನ್ನೊಡನೆ ಮಾತಾಡಲಿಲ್ಲ. ಮಡದಿ ಮಾತಾಡಿದಳು, ಆದರೆ ಆ ಮಾತಿಗಿಂತ ಮಗಳ ಮೌನವೇ ಹಗುರವಾಗಿತ್ತು. "ನಿಮಗೆ ಬುದ್ಧಿಯಿಲ್ಲ ಎಂದು ನಾನು ಹೇಳಲಾರೆ, ಪ್ರೀತಿಯಿಲ್ಲ ಎಂದೂ ಹೇಳಲಾರೆ. ಮತ್ತೆ ಇಲ್ಲದಿರುವುದೇನು, ನೀವೇ ಹೇಳಿ" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ.

ಪ್ರಿಯ ಓದುಗರೇ, ಈ ಘಟನೆಯನ್ನು ಮೊದಲಿಗೇ ಹೇಳಲು ಕಾರಣವಿದೆ. 'ಗಮನದ ಕೊರತೆ' ಎಂದೊಡನೆ ಕೀಲಿಕೈ ಮರೆಯುವುದು, ಕನ್ನಡಕ ಹುಡುಕುವುದು ಮುಂತಾದ ನಗೆಯ ಪ್ರಸಂಗಗಳು ನೆನಪಾಗುತ್ತವೆ. ನನ್ನ ಬಾಳಿನಲ್ಲಿಯೂ ಅವು ಧಾರಾಳವಾಗಿವೆ. ತಂಗಿಯ ಮದುವೆಯ ಆಮಂತ್ರಣ ಪತ್ರಿಕೆಗಳಲ್ಲಿ ಅರುವತ್ತನ್ನು ಮದುವೆಯಾದ ತಿಂಗಳ ಮೇಲೆ ಸ್ಕೂಟರಿನ ಡಿಕ್ಕಿಯಲ್ಲಿ ಕಂಡವನು ನಾನು. ಕೇಳುವವರು ನಗುತ್ತಾರೆ, ನಾನೂ ನಗುತ್ತೇನೆ. ಆದರೆ ಈ ನಗೆಯ ಲೆಕ್ಕವನ್ನು ಕಡೆಗೆ ಯಾರೋ ತೀರಿಸಬೇಕಾಗುತ್ತದೆ; ಬಹುಮಟ್ಟಿಗೆ ಅದು ಮನೆಯವರು.

ಎರಡು ವರ್ಷ ಕಳೆಯಿತು. 2021ರ ಅಕ್ಟೋಬರಿನಲ್ಲಿ ಪ್ರಾಥಮಿಕ ಶಾಲೆಗಳು ಮತ್ತೆ ತೆರೆದಾಗ ಐದನೆಯ ತರಗತಿಯಲ್ಲಿದ್ದ ಮಗನ ಬಗ್ಗೆ ಅವನ ಶಿಕ್ಷಕಿ ಹೇಳಿಕಳುಹಿಸಿದರು. ಹುಡುಗ ಜಾಣ, ಆದರೆ ಕುಳಿತಲ್ಲಿ ಕೂರುವುದಿಲ್ಲ, ಹಿಡಿದುದನ್ನು ಮುಗಿಸುವುದಿಲ್ಲ, ಒಮ್ಮೆ ಪರಿಣತರಿಗೆ ತೋರಿಸಿ ಎಂಬುದು ಅವರ ಸಲಹೆ. ಮೈಸೂರಿನಲ್ಲಿ ಒಬ್ಬ ಮನೋವೈದ್ಯರ ಬಳಿಗೆ ಹೋದೆವು. ಅವರು ಹುಡುಗನನ್ನು ಬಹಳ ಹೊತ್ತು ಮಾತಾಡಿಸಿ, ಆಮೇಲೆ ನಮ್ಮ ಕಡೆ ತಿರುಗಿ, "ಮನೆಯಲ್ಲಿ ಬೇರೆ ಯಾರಾದರೂ ಹೀಗಿದ್ದಾರೆಯೇ?" ಎಂದು ಕೇಳಿದರು. ಮಡದಿ ಏನೂ ಹೇಳಲಿಲ್ಲ. ನನ್ನನ್ನು ನೋಡಿದಳು. ವೈದ್ಯರೂ ನೋಡಿದರು. ನನ್ನ ಬಲಗಾಲು ಮೇಜಿನ ಕೆಳಗೆ ಹೊಲಿಗೆ ಯಂತ್ರದಂತೆ ಅಲುಗುತ್ತಿತ್ತು. ಅವರ ಮೇಜಿನ ಮೇಲಿದ್ದ ಪೆನ್ನನ್ನು ನಾನು ಯಾವಾಗಲೋ ಎತ್ತಿಕೊಂಡು ಬಿಚ್ಚಿ, ಅದರ ಸ್ಪ್ರಿಂಗನ್ನು ಬೆರಳಿಗೆ ಸುತ್ತಿಕೊಂಡಿದ್ದೆ.

ನಮಗೆ ಆ ದಿನ ಹೆಸರು ತಿಳಿಯಿತು: ಎ.ಡಿ.ಎಚ್.ಡಿ. ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ. ಮಗನಿಗೆ ಬೇಗನೆ, ನನಗೆ ಇನ್ನೂ ಮೂರು ಭೇಟಿಗಳ ನಂತರ. ದೊಡ್ಡವರಲ್ಲಿ ಇದನ್ನು ನಿರ್ಧರಿಸುವಾಗ ವೈದ್ಯರು ಆತುರಪಡುವುದಿಲ್ಲ. ರಕ್ತ ಪರೀಕ್ಷೆಯಿಂದಾಗಲಿ ಮೆದುಳಿನ ಚಿತ್ರದಿಂದಾಗಲಿ ತಿಳಿಯುವ ಸಂಗತಿಯಲ್ಲ ಇದು. ಆದರೂ ನನ್ನ ಥೈರಾಯ್ಡ್ ಪರೀಕ್ಷೆ ಮಾಡಿಸಿದರು, ನಿದ್ದೆಯ ಬಗ್ಗೆ, ದುಗುಡದ ಬಗ್ಗೆ ವಿಚಾರಿಸಿದರು. ಇವೂ ಗಮನವನ್ನು ಕದಡಬಲ್ಲವು. ಮುಖ್ಯವಾಗಿ, ಲಕ್ಷಣಗಳು ಹನ್ನೆರಡು ವರ್ಷದೊಳಗೇ ಇದ್ದವೆಂಬುದು ಖಚಿತವಾಗಬೇಕು, ಮನೆ, ಕೆಲಸ ಹೀಗೆ ಒಂದಕ್ಕಿಂತ ಹೆಚ್ಚು ಕಡೆ ಕಾಣಬೇಕು, ಬದುಕಿಗೆ ನಿಜವಾದ ಅಡ್ಡಿಯಾಗಿರಬೇಕು. ಮೂವತ್ತೈದನೆಯ ವಯಸ್ಸಿನಲ್ಲಿ ಮೊಬೈಲ್ ಕೈಗೆ ಬಂದ ಮೇಲೆ ಆರಂಭವಾದ ಚಂಚಲತೆಗೆ ಈ ಹೆಸರು ಸಲ್ಲದು.

ಸಾಕ್ಷಿ ನನ್ನ ತಾಯಿಯ ಟ್ರಂಕಿನಲ್ಲಿತ್ತು. ಒಂದನೆಯ ತರಗತಿಯಿಂದ ಏಳರವರೆಗಿನ ಪ್ರಗತಿ ಪತ್ರಗಳನ್ನು ಆಕೆ ಜ್ಞಾನಸ್ನಾನದ ಪ್ರಮಾಣ ಪತ್ರದೊಡನೆ ಒಂದೇ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದಳು. ಕೈಬರಹ ಬೇರೆ ಬೇರೆ, ಮಾತು ಒಂದೇ. 'ಬುದ್ಧಿವಂತ, ಆದರೆ ಗಮನವಿಲ್ಲ.' 'ಜಾಣ, ಆದರೆ ಅಜಾಗರೂಕ.' 'ಮನಸ್ಸು ಮಾಡಿದರೆ ಮೊದಲಿಗನಾಗಬಲ್ಲ.' ಈ ಕಡೆಯ ವಾಕ್ಯ ನಾಲ್ಕು ಪತ್ರಗಳಲ್ಲಿತ್ತು. ಮನಸ್ಸು ಮಾಡಿದರೆ! ನಾನು ಮನಸ್ಸು ಮಾಡದ ದಿನ ಯಾವುದಿತ್ತು?

ಅದಕ್ಕೇ ಈ ಲೇಖನ. ನಲವತ್ತನಾಲ್ಕು ವರ್ಷ ನಾನು ಅದನ್ನು ನನ್ನ ಸಂಕಲ್ಪದ ದೋಷವೆಂದೇ ತಿಳಿದಿದ್ದೆ. ತಪಸ್ಸುಕಾಲದ ಪಾಪನಿವೇದನೆಯಲ್ಲಿ ಸೋಮಾರಿತನವನ್ನು ತಪ್ಪದೆ ಹೇಳುತ್ತಿದ್ದೆ. ಒಮ್ಮೆ ಒಬ್ಬ ವೃದ್ಧ ಗುರುಗಳು, "ಸೋಮಾರಿಯಾದವನ ದನಿಯಲ್ಲಿ ಇಷ್ಟೊಂದು ದಣಿವು ಏಕಪ್ಪಾ?" ಎಂದು ಕೇಳಿದ್ದರು. ಆ ಪ್ರಶ್ನೆಯ ಬೆಲೆ ನನಗೆ ಅಂದು ತಿಳಿಯಲಿಲ್ಲ. ನಿಜಕ್ಕೂ ದಣಿದಿದ್ದೆ. ಬೇರೆಯವರು ಒಂದು ಗಂಟೆಯಲ್ಲಿ ಮುಗಿಸುವ ಅಂಕಪಟ್ಟಿಯನ್ನು ನಾನು ಮೂರು ರಾತ್ರಿ ಕುಳಿತು, ಕಡೆಗೆ ಬೆಳಗಿನ ಜಾವ ಹೆದರಿಕೆಯ ಬಲದಿಂದ ಮುಗಿಸುತ್ತಿದ್ದೆ. ಹೆದರಿಕೆ ಇಲ್ಲದಿದ್ದರೆ ನನ್ನ ಮೆದುಳು ಹೊತ್ತಿಕೊಳ್ಳುತ್ತಿರಲಿಲ್ಲ.

ಹೆಸರು ತಿಳಿದ ಮೇಲೆ, ಮೇಷ್ಟ್ರ ಚಾಳಿಯಂತೆ, ಅದರ ಚರಿತ್ರೆಯನ್ನು ಹುಡುಕಿದೆ. 1798ರಷ್ಟು ಹಿಂದೆಯೇ ಸ್ಕಾಟ್ಲೆಂಡ್ ಮೂಲದ ವೈದ್ಯ ಅಲೆಕ್ಸಾಂಡರ್ ಕ್ರೈಟನ್ ಎಂಬಾತ ಒಂದೇ ವಿಷಯದಲ್ಲಿ ನಿಲ್ಲಲಾರದ ಮನಸ್ಸಿನ ಚಡಪಡಿಕೆಯನ್ನು ತನ್ನ ಗ್ರಂಥದಲ್ಲಿ ವರ್ಣಿಸಿದ್ದಾನೆ. ಅದು ಹುಟ್ಟಿನಿಂದಲೇ ಬಂದಿರಬಹುದು ಎಂದೂ ಗುರುತಿಸಿದ್ದಾನೆ. ಆದರೆ ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿದವನು ಜಾರ್ಜ್ ಸ್ಟಿಲ್ ಎಂಬ ಮಕ್ಕಳ ವೈದ್ಯ. 1902ರಲ್ಲಿ ಲಂಡನ್ನಿನ ವೈದ್ಯರ ರಾಯಲ್ ಕಾಲೇಜಿನಲ್ಲಿ ನೀಡಿದ ಮೂರು ಉಪನ್ಯಾಸಗಳಲ್ಲಿ ಆತ ಇಂಥ ಕೆಲವು ಮಕ್ಕಳನ್ನು ವಿವರಿಸಿದ. ಅವರ ಬುದ್ಧಿಶಕ್ತಿಗೆ ಕುಂದಿಲ್ಲವೆಂಬುದನ್ನು ಕಂಡುಕೊಂಡ. ಆದರೂ ಅವರಲ್ಲಿರುವ ಕೊರತೆಗೆ ಆತ ಇಟ್ಟ ಹೆಸರು 'ನೈತಿಕ ಹತೋಟಿಯ ಕೊರತೆ' ಎಂಬ ಅರ್ಥದ್ದು. ಅಷ್ಟು ಸೂಕ್ಷ್ಮ ಕಣ್ಣಿನ ವೈದ್ಯನೇ ನೀತಿಯ ಮಾತಾಡಿದ ಮೇಲೆ, ನಮ್ಮೂರಿನ ಮೇಷ್ಟ್ರುಗಳು ಬೆತ್ತ ಹಿಡಿದದ್ದರಲ್ಲಿ ಆಶ್ಚರ್ಯವೇನು? ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಯಲ್ಲಿ ಗಮನದ ಕೊರತೆ ಎಂಬ ಹೆಸರೇ ಬಂದದ್ದು 1980ರಲ್ಲಿ. ನಾನು ಆಗ ಮೂರು ವರ್ಷದವನು. ದೊಡ್ಡವರಲ್ಲಿ ಇದನ್ನು ಗುರುತಿಸುವ ಅಳತೆಗಳು ಸ್ಪಷ್ಟವಾದದ್ದು ಅದೇ ಕೈಪಿಡಿಯ 2013ರ ಆವೃತ್ತಿಯಲ್ಲಿ.

ಬಾಲ್ಯದಲ್ಲಿ ಕಾಣುವ ಓಟ, ಜಿಗಿತ ವಯಸ್ಸಾದಂತೆ ಒಳಗೆ ಇಳಿಯುತ್ತದಂತೆ. ಹೊರಗೆ ಕುಳಿತೇ ಇರುತ್ತೇವೆ, ಒಳಗೆ ಸಂತೆ ನೆರೆದಿರುತ್ತದೆ. ಹೆಣ್ಣುಮಕ್ಕಳಲ್ಲಿ ಬಾಲ್ಯದಿಂದಲೇ ಹೀಗೆ ಒಳಗೇ ಇರುವುದು ಹೆಚ್ಚು. ಕನಸು ಕಾಣುವವಳು, ಮೈಮರೆಯುವವಳು ಎಂದು ಬಿಟ್ಟುಬಿಡುತ್ತಾರೆ, ಗುರುತಿಸುವುದೇ ಇಲ್ಲ. ಇನ್ನು ವಂಶವಾಹಿಗಳ ಪಾತ್ರ ಇದರಲ್ಲಿ ಬಹಳ ದೊಡ್ಡದು, ಎತ್ತರ ತಂದೆಯಿಂದ ಮಗನಿಗೆ ಇಳಿದು ಬರುವುದಕ್ಕೆ ಹೋಲಿಸಬಹುದಾದಷ್ಟು. ಇದನ್ನು ವೈದ್ಯರು ಹೇಳಿದಾಗ ನನಗೆ ಮಗನ ನೆನಪಾಗಲಿಲ್ಲ. ನನ್ನ ಅಪ್ಪನ ನೆನಪಾಯಿತು.

ಅಪ್ಪ ಬಡಗಿ. ಅವನ ಕೈ ಕೆಲಸ ಕಂಡವರು ಇಂದಿಗೂ ಹೊಗಳುತ್ತಾರೆ. ಜೊತೆಗೇ ಅವನಿಗಿದ್ದ ಅಡ್ಡಹೆಸರನ್ನೂ ನೆನೆಯುತ್ತಾರೆ: 'ಅರೆ ಮೇಸ್ತ್ರಿ.' ನಮ್ಮ ಮನೆಯ ಹಿತ್ತಲಿನಲ್ಲಿ ಮೂರು ಕಾಲಿನ ಕುರ್ಚಿಗಳು, ಬಾಗಿಲಿಲ್ಲದ ಕಪಾಟುಗಳು ಮಳೆಯಲ್ಲಿ ನೆನೆಯುತ್ತಿದ್ದವು. ಮುಂಗಡ ಕೊಟ್ಟವರು ಬಂದು ಕೂಗಾಡುತ್ತಿದ್ದರು. ಅಪ್ಪ ಆಗ ಹಿಂದಿನ ಬಾಗಿಲಿನಿಂದ ಹೊರಟು ಹೋಗುತ್ತಿದ್ದ, ನಾನು ಮುಂದೆ ನಿಂತು ಸುಳ್ಳು ಹೇಳುತ್ತಿದ್ದೆ. ನಮ್ಮ ಧರ್ಮಕೇಂದ್ರದ ದೇವಾಲಯದಲ್ಲಿರುವ ವಾಚನ ಪೀಠ ಅವನದೇ ಕೆತ್ತನೆ. ಅದರ ಎಡಮಗ್ಗುಲಲ್ಲಿ ದ್ರಾಕ್ಷಿ ಗೊಂಚಲು, ಗೋಧಿ ತೆನೆ, ಎಲೆಯ ನರಗಳು ಕೂಡ ಎದ್ದು ಕಾಣುವಂತಿವೆ. ಬಲಮಗ್ಗುಲು ಬೋಳು ಹಲಗೆ. ಹಬ್ಬಕ್ಕೆ ಮುಗಿಸಿಕೊಡುತ್ತೇನೆ ಎಂದಿದ್ದ; ಅಂಥ ಹಬ್ಬಗಳು ಹನ್ನೊಂದು ಬಂದು ಹೋದವು. 2004ರಲ್ಲಿ ಅವನು ತೀರಿಕೊಂಡ. ಭಾನುವಾರದ ಪೂಜೆಯಲ್ಲಿ ಆ ಬೋಳು ಹಲಗೆಯ ಕಡೆ ಕುಳಿತುಕೊಳ್ಳಲು ನನಗೆ ಬಹಳ ವರ್ಷ ನಾಚಿಕೆಯಾಗುತ್ತಿತ್ತು. ವೈದ್ಯರ ಬಳಿಯಿಂದ ಬಂದ ವಾರ ಅಲ್ಲಿಯೇ ಹೋಗಿ ಕುಳಿತೆ. ಅಪ್ಪನ ಮೇಲೆ ನನಗಿದ್ದ ಕೋಪ ಎಷ್ಟು ಹಳೆಯದು ಎಂದು ಅಂದು ಗೊತ್ತಾಯಿತು.

ಮಗಳಿಗೂ ಹೇಳಿದೆ. ಅವಳಿಗೆ ಸಮಾಧಾನವಾದೀತು ಎಂಬ ಆಸೆ ನನ್ನಲ್ಲಿ ಇದ್ದಿರಬೇಕು. ಅವಳು ಕೇಳಿಸಿಕೊಂಡು, ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಮ್ಮ ತೊಂದರೆಗೆ ಹೆಸರು ಸಿಕ್ಕಿತು ಅಪ್ಪಾ. ನನ್ನ ಸೀಟು ಸಿಗಲಿಲ್ಲ" ಎಂದಳು. ಸಿಟ್ಟಿನಿಂದ ಹೇಳಿದ ಮಾತಲ್ಲ ಅದು. ಆದುದರಿಂದಲೇ ನನಗೆ ಇನ್ನೂ ನೆನಪಿದೆ. ಇದನ್ನು ವೈದ್ಯರೊಡನೆ ಹೇಳಿಕೊಂಡೆ. ಅವರು, ಹೆಸರು ಕಾರಣವನ್ನು ತಿಳಿಸುತ್ತದೆ, ಹೊಣೆಯನ್ನು ಇಳಿಸುವುದಿಲ್ಲ ಎಂದರು. ಕಣ್ಣು ಮಂಜಾದವನು ಕನ್ನಡಕ ಹಾಕಿಕೊಳ್ಳದೆ ಗಾಡಿ ಓಡಿಸಿದರೆ ತಪ್ಪು ಅವನದೇ, ಕಣ್ಣಿನದಲ್ಲ. ನನಗೆ ಕನ್ನಡಕ ಬೇಕೆಂಬುದೇ ತಿಳಿದಿರಲಿಲ್ಲ. ಈಗ ತಿಳಿದಿದೆ.

ಕನ್ನಡಕ ಎಂದರೆ ಮೊದಲನೆಯದು ಔಷಧ. ಮೀಥೈಲ್‌ಫೆನಿಡೇಟ್ ಎಂಬ ಈ ಮದ್ದನ್ನು ಮೊದಲು ತಯಾರಿಸಿದ್ದು 1944ರಲ್ಲಿ. ಮೆದುಳಿನ ನರಗಳ ನಡುವೆ ಸುದ್ದಿ ಒಯ್ಯುವ ಡೋಪಮೈನ್, ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕಗಳು ಬೇಗ ಹಿಂತಿರುಗಿ ಹೋಗದಂತೆ ಇದು ತಡೆಯುತ್ತದೆ. ದುರುಪಯೋಗವಾಗಬಹುದಾದ ಮದ್ದಾದ್ದರಿಂದ ನಮ್ಮ ದೇಶದಲ್ಲಿ ಕಟ್ಟುನಿಟ್ಟು ಹೆಚ್ಚು. ವೈದ್ಯರು ಚೀಟಿಯ ಎರಡು ಪ್ರತಿ ಬರೆಯಬೇಕು, ಒಂದನ್ನು ಅಂಗಡಿಯವರು ಇಟ್ಟುಕೊಳ್ಳಬೇಕು, ಎಲ್ಲ ಅಂಗಡಿಗಳಲ್ಲಿಯೂ ದೊರೆಯದು. ನನ್ನ ರಕ್ತದೊತ್ತಡ, ಹೃದಯ ನೋಡಿದ ಮೇಲೆಯೇ ಕೊಟ್ಟರು. ಮೊದಲ ಮಾತ್ರೆ ನುಂಗಿದ ದಿನ ಯಾವ ಪವಾಡವೂ ಆಗಲಿಲ್ಲ. ಉತ್ಸಾಹ ಉಕ್ಕಲಿಲ್ಲ. ಒಂದು ಗಂಟೆಯ ಮೇಲೆ, ಹುಟ್ಟಿದಾಗಿನಿಂದ ಪಕ್ಕದ ಮನೆಯಲ್ಲಿ ಕೂಗುತ್ತಿದ್ದ ರೇಡಿಯೊವನ್ನು ಯಾರೋ ಆರಿಸಿದಂತಾಯಿತು. ನಲವತ್ತು ಉತ್ತರ ಪತ್ರಿಕೆಗಳನ್ನು ಎದ್ದುಹೋಗದೆ ತಿದ್ದಿದೆ. ಮುಗಿಸಿ, ಮಡದಿಯನ್ನು ಕರೆದು, "ನಿಮಗೆಲ್ಲ ಯಾವಾಗಲೂ ಹೀಗೇ ಇರುತ್ತದೆಯೇ?" ಎಂದು ಕೇಳಿದೆ. ಅವಳಿಗೆ ಪ್ರಶ್ನೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದಳು.

ಹಸಿವು ಕುಗ್ಗಿತು, ಆರಂಭದಲ್ಲಿ ನಿದ್ದೆ ಹಿಂದೆಗೆಯಿತು. ಪ್ರಮಾಣ ಸರಿಹೊಂದಿಸಲು ಎರಡು ತಿಂಗಳಾಯಿತು. ಎಲ್ಲರಿಗೂ ಇದು ಒಗ್ಗುವುದಿಲ್ಲ. ಬೇರೆ ಬಗೆಯ ಮದ್ದುಗಳೂ ಇವೆ. ಇಲ್ಲಿ ನಾನು ಹೇಳುವುದನ್ನು ಚೀಟಿಯೆಂದು ಯಾರೂ ತಿಳಿಯಬಾರದು.

ಮದ್ದು ರೇಡಿಯೊವನ್ನು ಆರಿಸುತ್ತದೆ, ಆದರೆ ಚಲನ್ ಕಟ್ಟಿಬರುವುದಿಲ್ಲ. ಅದಕ್ಕೆ ಬೇರೆ ಏರ್ಪಾಡು ಬೇಕಾಯಿತು. ನನ್ನಂಥವರಿಗೆ ಕಾಲದಲ್ಲಿ ಎರಡೇ ವಿಭಾಗ: 'ಈಗ' ಮತ್ತು 'ಈಗಲ್ಲ'. ಮುಂದಿನ ತಿಂಗಳ ಹತ್ತನೆಯ ತಾರೀಕು, ಮುಂದಿನ ಶತಮಾನ ಎರಡೂ ಒಂದೇ ದೂರದಲ್ಲಿರುತ್ತವೆ. ಆದ್ದರಿಂದ ಕಾಲ ಕಣ್ಣಿಗೆ ಕಾಣುವಂತಿರಬೇಕು. ಮನೆಯ ಪ್ರತಿ ಕೋಣೆಯಲ್ಲಿಯೂ ಮುಳ್ಳಿನ ಗಡಿಯಾರ ತೂಗುಹಾಕಿದೆ. ಅಂಕಿ ತೋರುವ ಗಡಿಯಾರ ಎಷ್ಟಾಯಿತೆಂದು ಹೇಳುತ್ತದೆ, ಎಷ್ಟು ಉಳಿದಿದೆ ಎಂದು ತೋರುವುದಿಲ್ಲ. ಬಾಗಿಲ ಬಳಿ ಶಾಲೆಯಿಂದ ತಂದ ಹಳೆಯ ಕರಿಹಲಗೆಯೊಂದಿದೆ. ಅಂದಿನ ಕೆಲಸ ಮೂರೇ ಮೂರು ಅದರಲ್ಲಿ. ನಾಲ್ಕನೆಯದನ್ನು ಬರೆದರೆ ಮೂರನ್ನೂ ಮಾಡುವುದಿಲ್ಲ ಎಂಬುದು ಅನುಭವ. ವಿದ್ಯುತ್ ಬಿಲ್ಲು, ವಿಮೆಯ ಕಂತು ಖಾತೆಯಿಂದ ತಾವಾಗಿಯೇ ಕಡಿತವಾಗುತ್ತವೆ. ಕೊಟ್ಟ ಮಾತನ್ನು ಕೊಟ್ಟವರ ಎದುರಿಗೇ ಬರೆದುಕೊಳ್ಳುತ್ತೇನೆ, ಮೊದಲು ನಾಚಿಕೆಯಾಗುತ್ತಿತ್ತು.

ಎಲ್ಲಕ್ಕಿಂತ ನೆರವಾದದ್ದು ಬಹಳ ಸರಳವಾದ ಒಂದು ಉಪಾಯ. ಬೇಸರದ ಕೆಲಸ ಮಾಡುವಾಗ ಪಕ್ಕದಲ್ಲಿ ಇನ್ನೊಬ್ಬರು ಕುಳಿತಿರಬೇಕು. ಸಹಾಯ ಮಾಡಬೇಕಿಲ್ಲ, ಮಾತಾಡಬೇಕಿಲ್ಲ. ಶಾಲೆಯಲ್ಲಿ ಗಣಿತದ ಸಹೋದ್ಯೋಗಿ ಒಬ್ಬರು ತಿಂಗಳಿಗೊಮ್ಮೆ ನನ್ನೆದುರು ಕುಳಿತು ಪತ್ರಿಕೆ ಓದುತ್ತಾರೆ, ನಾನು ಹಾಜರಾತಿ ಪುಸ್ತಕದ ಲೆಕ್ಕ ಮುಗಿಸುತ್ತೇನೆ. ಅಪ್ಪನ ಬಳಿ ಒಬ್ಬರು ಕುಳಿತಿದ್ದರೆ ಬಲಮಗ್ಗುಲಿಗೂ ದ್ರಾಕ್ಷಿ ಬರುತ್ತಿತ್ತೋ ಏನೋ.

ಧರ್ಮಕೇಂದ್ರದ ಪಾಲನಾ ಸಮಿತಿಯಲ್ಲಿ ಖಜಾಂಚಿಯಾಗಿದ್ದೆ. ಕಾರಣ ಹೇಳಿ ಬಿಟ್ಟುಕೊಟ್ಟೆ. ಬದಲಿಗೆ ಹಬ್ಬದ ದಿನ ಜನಸಂದಣಿ, ವಾಹನ, ಧ್ವನಿವರ್ಧಕ, ಕಾಣೆಯಾದ ಮಕ್ಕಳು ಇವೆಲ್ಲವೂ ಒಟ್ಟಿಗೆ ಬರುವ ಕೆಲಸವನ್ನು ಕೇಳಿ ಪಡೆದೆ. ಎಲ್ಲರೂ ಗಾಬರಿಗೊಳ್ಳುವ ಆ ನಾಲ್ಕು ಗಂಟೆಗಳಲ್ಲಿ ನಾನು ಶಾಂತನಾಗಿರುತ್ತೇನೆ. ಇದನ್ನು ವರವೆಂದು ಕರೆಯುವ ಲೇಖನಗಳನ್ನು ಓದಿದ್ದೇನೆ, ನನಗೆ ಒಪ್ಪಿಗೆಯಿಲ್ಲ. ನನ್ನ ಮಗಳನ್ನು ಕೇಳಿದರೆ ಅವಳೂ ಒಪ್ಪಲಾರಳು.

ಪ್ರಾರ್ಥನೆಯ ವಿಷಯ ಒಂದು ಮಾತು. 'ಪರಾಕು' ಎಂಬ ಪದಕ್ಕೆ ನಮ್ಮಲ್ಲಿ ವಿಚಿತ್ರವಾದ ಎರಡು ಅರ್ಥಗಳಿವೆ: ಅರಮನೆಯಲ್ಲಿ ಎಚ್ಚರಿಕೆ ಎಂದು ಕೂಗುವುದೂ ಪರಾಕು, ಎಚ್ಚರ ತಪ್ಪುವುದೂ ಪರಾಕು. ಜಪಸರದ ಹೊತ್ತಿನಲ್ಲಿ ನನಗೆ ಎರಡನೆಯದು ಮೂರನೆಯ ಮಣಿಗೇ ಬರುತ್ತಿತ್ತು. ಆವಿಲಾದ ಸಂತ ತೆರೇಸಾ ತಮ್ಮ ಆತ್ಮಕಥೆಯಲ್ಲಿ, ಪ್ರಾರ್ಥನೆಯ ಗಂಟೆ ಯಾವಾಗ ಮುಗಿಯುವುದೋ ಎಂದು ಕಾದಿದ್ದ ವರ್ಷಗಳನ್ನು ಮುಚ್ಚುಮರೆಯಿಲ್ಲದೆ ಬರೆದುಕೊಂಡಿದ್ದಾರೆ. ಹದಿನಾರನೆಯ ಶತಮಾನದ ಸಂತರಿಗೆ ನಮ್ಮ ಕಾಲದ ರೋಗದ ಹೆಸರು ಅಂಟಿಸುವುದು ಸಲ್ಲದು. ನನಗೆ ಅವರ ಸಂಗಾತ ಸಾಕು. ಈಗ ಜಪಸರವನ್ನು ಮನೆಯ ಮುಂದೆ ನಡೆಯುತ್ತಾ ಹೇಳುತ್ತೇನೆ. ಮಗನೂ ಬರುತ್ತಾನೆ. ಕಾಲು ನಡೆದರೆ ನಮ್ಮಿಬ್ಬರ ಮನಸ್ಸೂ ನಿಲ್ಲುತ್ತದೆ.

ಮಲಯಾಳಂ ನಟ ಫಹಾದ್ ಫಾಸಿಲ್ ತಮಗೆ ನಲವತ್ತೊಂದನೆಯ ವಯಸ್ಸಿನಲ್ಲಿ ಇದು ಪತ್ತೆಯಾಯಿತೆಂದು 2024ರಲ್ಲಿ ಸಾರ್ವಜನಿಕವಾಗಿ ಹೇಳಿದಾಗ ನಮ್ಮ ಶಿಕ್ಷಕರ ಕೊಠಡಿಯಲ್ಲಿ ಬಹಳ ಚರ್ಚೆಯಾಯಿತು. ಆ ಸಂಜೆ ಇಬ್ಬರು ನನ್ನನ್ನು ಬೇರೆಬೇರೆಯಾಗಿ ಕರೆದು, ದನಿ ತಗ್ಗಿಸಿ ವಿಚಾರಿಸಿದರು. ಒಬ್ಬರಿಗೆ ವೈದ್ಯರು ಬೇರೆಯೇ ಕಾರಣ ಕಂಡುಹಿಡಿದರು, ಅದು ಮನೋವ್ಯಾಕುಲವಾಗಿತ್ತು, ಇನ್ನೊಬ್ಬರದು ನನ್ನದೇ. ಎಲ್ಲಿಗೆ ಹೋಗಬೇಕೆಂದು ತಿಳಿಯದವರಿಗೆ ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್‌ನ 14416 ಎಂಬ ಸಂಖ್ಯೆಯನ್ನು ನಾನು ಬರೆದುಕೊಡುತ್ತೇನೆ. ಕನ್ನಡದಲ್ಲಿಯೇ ಮಾತಾಡಬಹುದು, ಹಣ ಕೊಡಬೇಕಿಲ್ಲ.

ಮಗಳು ಎಂ.ಎಸ್ಸಿ. ಮುಗಿಸಿ ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾಳೆ. ಕ್ರಿಸ್ಮಸ್ಸಿಗೆ ಬಂದಾಗ ಬಾಗಿಲ ಬಳಿಯ ಹಲಗೆಯನ್ನು ಬಹಳ ಹೊತ್ತು ನೋಡಿದಳು, ಏನೂ ಹೇಳಲಿಲ್ಲ. ಹೊರಡುವ ದಿನ ನೋಡಿದರೆ ಅಂದಿನ ಮೂರು ಕೆಲಸಗಳ ಕೆಳಗೆ ಅವಳ ಅಕ್ಷರದಲ್ಲಿ ಬರೆದಿತ್ತು: 'ಮಗಳನ್ನು ಬಸ್ಸಿಗೆ ಬಿಡುವುದು. 4.10. ನಾಲ್ಕಲ್ಲ, ನಾಲ್ಕು ಹತ್ತು.' ನಾವು ಮೂರೂವರೆಗೇ ನಿಲ್ದಾಣದಲ್ಲಿದ್ದೆವು.

ಆ ಚಲನ್ ಇನ್ನೂ ನನ್ನ ಬಳಿ ಇದೆ. ಅದರ ಬೆನ್ನ ಮೇಲಿನ ಅಕ್ಷರಗಳನ್ನು ಓದಿಸಬೇಕೆಂದು ಒಬ್ಬ ಶಾಸನ ತಜ್ಞರನ್ನು ಕಾಣಲು ನಾಲ್ಕು ಸಲ ದಿನ ಗೊತ್ತುಮಾಡಿ ನಾಲ್ಕು ಸಲವೂ ಮುಂದೂಡಿದ್ದೇನೆ. ಇದಕ್ಕೆ ಮರೆವು ಕಾರಣವಲ್ಲ. ಸಂಪಾದಕರು ಈ ಲೇಖನ ಕೇಳಿ ಮೂರು ತಿಂಗಳಾಯಿತು. ಅವರು ಕೊಟ್ಟ ಎರಡು ಗಡುವುಗಳು ದಾಟಿವೆ, ಇಂದು ಮೂರನೆಯದು. ಹಲಗೆಯ ಮೇಲೆ ಮಗ ದೊಡ್ಡದಾಗಿ 'ಅಂಚೆ' ಎಂದು ಬರೆದಿದ್ದಾನೆ. ಅಂಚೆ ಕಚೇರಿಗೆ ಹೋಗುವುದೂ ಅದೇ ರಸ್ತೆ. ವೀರಗಲ್ಲನ್ನು ಈಗ ತೊಳೆದು ಪಂಚಾಯಿತಿ ಕಟ್ಟಡದ ಮುಂದೆ ನಿಲ್ಲಿಸಿದ್ದಾರೆ. ಮಡದಿ ಚಪ್ಪಲಿ ಮೆಟ್ಟಿ, ಸ್ಕೂಟರಿನ ಪಕ್ಕದಲ್ಲಿ ಆಗಲೇ ನಿಂತಿದ್ದಾಳೆ.